ಮರಿಯಪ್ಪನವರ ದನಿಯಲ್ಲಿ ಓದಿದ ಪತ್ರ

ಇವತ್ತು ಬೆಳಿಗ್ಗೆ ಗಡ್ಡ ಹೆರೆಯುವಾಗ ಗದ್ದ ಕೊಯ್ದುಕೊಂಡು ಟಿಂಚರ್ ಹಚ್ಚಿದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಗಂಟಲು ತಾನಾಗಿಯೇ ಕೆಮ್ಮಿ "ಅಲ್ರೀ, ನಂದೊಂದು ಮಾತೈತೆ" ಎಂದಿತು. ಅದು ನ್ಯಾಮತಿ ಆಸ್ಪತ್ರೆಯ ಕಾಂಪೌಂಡರ್ ಮರಿಯಪ್ಪನವರ ದನಿ. ಕಂಡವರನ್ನೆಲ್ಲ ಅಣಕಿಸುವ ನನ್ನ ಗಂಟಲಿನಲ್ಲಿ ಇಂಥ ಬಾಡಿಗೆದಾರರು ಬಹಳ. ಮನೆ ಮಾಲೀಕನನ್ನು ಮಾತ್ರ ಇನ್ನೂ ಹುಡುಕುತ್ತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಪಿಯುಸಿ ಫೇಲಾಗಿ, ಹೊನ್ನಾಳಿ ಬಸ್ಸಿನ ಕಂಡಕ್ಟರನಂತೆ ಕೂಗಿ ಎರಡು ಸಲ ಜನರನ್ನು ಖಾಲಿ ರಸ್ತೆಗೆ ಓಡಿಸಿದ್ದೆ. ನಮ್ಮ ಕ್ರೈಸ್ತರ ಪುಟ್ಟ ಪ್ರಾರ್ಥನಾ ಮನೆಯಲ್ಲಿ ಭಾನುವಾರ ಬೈಬಲಿನ ಪತ್ರಗಳಿಂದ ಒಂದು ಭಾಗ ಓದುವುದು ನನ್ನ ಕೆಲಸ. ಆಮೇಲೆ ಸಭೆ ನಡೆಸುವ ಉಪದೇಶಿಗಳ ಬೋಧನೆ. ಅದು ಮುಗಿದೊಡನೆ ಮರಿಯಪ್ಪನವರು ಎದ್ದು ಒಂದು ಪ್ರಶ್ನೆ ಕೇಳಲೇಬೇಕು.

ಒಮ್ಮೆ ದಾವಣಗೆರೆಯಿಂದ ಬಂದ ಪಾದ್ರಿಯೊಬ್ಬರು ಹೇಳಿದರು: ಆದಿ ಕ್ರೈಸ್ತರ ಆ ಪತ್ರಗಳ ನಡುವೆ ಎದುರಾಳಿಯೊಬ್ಬ ಎದ್ದು ವಾದ ಹೂಡುತ್ತಾನಲ್ಲ, ಅಂಥ ಮನುಷ್ಯ ಇರಲೇ ಇಲ್ಲ. ಬರೆದವನೇ ಅವನನ್ನು ಕಲ್ಪಿಸಿ, ಅವನ ಬಾಯಲ್ಲಿ ಪ್ರಶ್ನೆಯಿಟ್ಟು, ತಾನೇ ಉತ್ತರ ಕೊಡುತ್ತಾನೆ. ಗ್ರೀಕರ ಪಾಠಶಾಲೆಗಳ ಹಳೆಯ ಮಾತುಗಾರಿಕೆ ಅದು.

ನೋಡಿ, ಎರಡು ಸಾವಿರ ವರ್ಷದ ಹಿಂದೆಯೇ ನನ್ನ ಕಸುಬಿನವನೊಬ್ಬ ಇದ್ದ. ಮುಂದಿನ ವಾರ ಪತ್ರ ಬರೆದವನ ಮಾತನ್ನು ನನ್ನ ದನಿಯಲ್ಲೂ, ಎದುರಾಳಿಯ ಮಾತನ್ನು ಮರಿಯಪ್ಪನವರ ದನಿಯಲ್ಲೂ, ಕೆಮ್ಮಿನ ಸಮೇತ, ಓದಿದೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಪತ್ರದವನೋ ಎದುರಾಳಿಯನ್ನು ಚೆನ್ನಾಗಿ ಗದರಿಸುವವನು. ಆ ಗದರಿಕೆಯೆಲ್ಲ ಮರಿಯಪ್ಪನವರ ತಲೆಗೇ ಬಿತ್ತು.

ಅಂದು ಅವರು ಪ್ರಶ್ನೆ ಕೇಳಲಿಲ್ಲ. ಮುಂದಿನ ಎರಡು ಭಾನುವಾರವೂ ಇಲ್ಲ. ಗೆದ್ದೆ ಎಂದುಕೊಂಡು ನಾನು ಎದೆ ಉಬ್ಬಿಸಿ ತಿರುಗುತ್ತಿದ್ದಾಗ ಉಪದೇಶಿಗಳು ಕರೆದರು.

"ಮರಿಯಪ್ಪ ಏನು ಕೇಳ್ತಾನೋ ಅಂತ ಹೆದರಿ ಶನಿವಾರವೆಲ್ಲ ಓದ್ತಿದ್ದೆ ಕಣೋ. ಈಗ ಯಾರಿಗೆ ಹೆದರ್ಲಿ? ಹೋಗು, ಅವನ ಬಾಯಿ ಅವನಿಗೆ ಕೊಟ್ಟು ಬಾ."

ಹೋದೆ. ಮರಿಯಪ್ಪನವರು ಆಸ್ಪತ್ರೆಯಲ್ಲಿ ಯಾರದೋ ಮೊಣಕಾಲಿಗೆ ಬ್ಯಾಂಡೇಜು ಸುತ್ತುತ್ತಿದ್ದರು.

"ತಪ್ಪಾತು ಮಾವ," ಎಂದೆ.

"ಕೆಮ್ಮು ಚಲೋ ಇತ್ತು ಬಿಡಲೇ. ಆದ್ರೆ ಬೈಸ್ಕೊಂಡ ಮೇಲೆ ಪತ್ರದಾಗಿನ ಆ ಬಡಪಾಯಿಗೆ ತಿರುಗಿ ಮಾತಾಡಾಕೆ ಒಂದು ಸಾಲೂ ಇಲ್ವಲ್ಲೋ. ನನ್ನ ದನ್ಯಾಗೆ ಕೇಳಿದಾಗ ಗೊತ್ತಾತು. ನಾನು ಎದ್ರೂ ಹಿಂಗೇ ನಗ್ತಾರೇನೋ ಅನ್ನಿಸ್ತು, ಸುಮ್ನಾದೆ."

"ಹಂಗಾರೆ ಈ ವಾರ ಅವನ ಮಾತು ನೀವೇ ಓದ್ರಿ. ಕಡಿಮೆ ಬಿದ್ರೆ ನಿಮ್ದೂ ಸೇರಿಸ್ರಿ."

ಭಾನುವಾರ ಇಬ್ಬರೂ ನಿಂತು ಓದಿದೆವು. ಪತ್ರದವನ ಕೊನೆಯ ಉತ್ತರ ಮುಗಿಸಿ ನಾನು ಪುಸ್ತಕ ಮಡಿಸಿದೆ. ಮರಿಯಪ್ಪನವರು ಕೂರಲಿಲ್ಲ.

"ಅಲ್ರೀ, ನನಗಿನ್ನೂ ಒಪ್ಗೆ ಆಗಿಲ್ಲ," ಎಂದರು.

ಯಾರೂ ನಗಲಿಲ್ಲ. ಉಪದೇಶಿಗಳು ಮಾತ್ರ, ಹಸಿದವನ ಮುಂದೆ ಎಲೆ ಹಾಕಿದಂತೆ, ಮುಂದಕ್ಕೆ ಬಾಗಿದರು. "ಹೇಳ್ರಿ ಮರಿಯಪ್ಪ." ಅಂದು ನಾವೆಲ್ಲ ಊಟಕ್ಕೆ ಬಹಳ ತಡವಾಗಿ ಹೋದೆವು.

ಅಣಕಿಸುವ ಚಟ ನನಗೆ ಈಗಲೂ ಬಿಟ್ಟಿಲ್ಲ. ಅಣಕಿಸಿದ ಮೇಲೆ ಬಾಯಿ ಮುಚ್ಚಿಕೊಂಡು ಅವರ ಮಾತಿಗೆ ಕಾಯುವುದನ್ನು ಕಲಿತಿದ್ದೇನೆ, ಅಷ್ಟೆ. ಇಲ್ಲಿಯೂ 'ನೀವು ಕೇಳಬಹುದು' ಎಂದು ಶುರುಮಾಡಿ, ನಿಮ್ಮ ಪರವಾಗಿ ಒಂದು ಪೆದ್ದು ಪ್ರಶ್ನೆ ಬರೆದಿದ್ದೆ; ಜಾಣ ಉತ್ತರವೂ ಸಿದ್ಧವಿತ್ತು. ಎರಡನ್ನೂ ಹೊಡೆದುಹಾಕಿದ್ದೇನೆ. ನಿಮ್ಮ ಪ್ರಶ್ನೆ ನೀವೇ ಕೇಳಿ.