ಚಿಗವ್ವನ ಕಿತ್ತಳೆ ಮೀನು

ಆಗ ನಮ್ಮ ಹೊಸಪೇಟೆಯಲ್ಲಿ ಎಲ್ಲದಕ್ಕೂ ಒಂದೇ ಬಣ್ಣ. ಸಂಡೂರಿನಿಂದ ಅದಿರು ಹೊತ್ತ ಲಾರಿಗಳು ಹಗಲಿರುಳೆನ್ನದೆ ಓಡುತ್ತಿದ್ದವು. ಅದಿರಿನ ಧೂಳಿಗೆ ಬೇವಿನ ಎಲೆ, ಒಣಹಾಕಿದ ಬಿಳಿ ಪಂಚೆ, ನಮ್ಮ ಬೆವರು ಎಲ್ಲವೂ ಕೆಂಪು. ನಾವು ಮಕ್ಕಳು ನಿಂತ ಕಾರುಗಳ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆದು ಬೈಸಿಕೊಳ್ಳುತ್ತಿದ್ದೆವು. ಆ ಧೂಳೇ ನಮ್ಮ ಕಾಕಾನನ್ನು ಲಾರಿ ಮಾಲೀಕನನ್ನಾಗಿ ಮಾಡಿತ್ತು. ಊರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಶೋಕಿ. ಕಾಕಾ ಬೆಂಗಳೂರಿನಿಂದ ಉಪ್ಪುನೀರಿನ ಗಾಜಿನ ತೊಟ್ಟಿ ತರಿಸಿ ನಡುಮನೆಯಲ್ಲಿ ಇಡಿಸಿದ.

ಅದರಲ್ಲಿದ್ದ ಮೀನುಗಳಲ್ಲಿ ಒಂದು ಕ್ಲೌನ್ ಫಿಶ್. ಕಿತ್ತಳೆ ಮೈ, ಬಿಳಿ ಪಟ್ಟೆ. ಕಾಕಾನಿಗೆ ಅದು ಬಂದವರಿಗೆ ತೋರಿಸುವ ವಸ್ತು. ಅದರ ಮೇಲೆ ಜೀವ ಇಟ್ಟುಕೊಂಡವಳು ಅವನ ಹೆಂಡತಿ, ನಮ್ಮ ಚಿಗವ್ವ. ಕಂಪ್ಲಿಯಿಂದ ಹೊಸದಾಗಿ ಮದುವೆಯಾಗಿ ಬಂದಿದ್ದಳು. ಆ ದೊಡ್ಡ ಮನೆಯಲ್ಲಿ ಮಾತಿಗೆ ಯಾರೂ ಸಿಗದೆ ಮಧ್ಯಾಹ್ನವೆಲ್ಲ ತೊಟ್ಟಿಯ ಮುಂದೆ ಕೂರುತ್ತಿದ್ದಳು. ಬೇಸಿಗೆ ರಜೆಯಲ್ಲಿ ನಾನೂ ಅವಳ ಪಕ್ಕ, ಮಡಿಲಲ್ಲಿ ಒಗ್ಗರಣೆ ಮಂಡಕ್ಕಿ. ನೀಲಿ ಬೆಳಕು ಗೋಡೆಯ ಮೇಲೆ ತೂಗಾಡುತ್ತಿತ್ತು. ಲಾರಿಗಳ ಸದ್ದೇ ಅಲೆಗಳ ಸದ್ದೆಂದುಕೊಂಡು ನಾನು ಅಲ್ಲೇ ನಿದ್ದೆ ಹೋಗುತ್ತಿದ್ದೆ. ಸಮುದ್ರವನ್ನು ನಾವಿಬ್ಬರೂ ನೋಡಿರಲಿಲ್ಲ.

ಒಂದು ದಿನ ಕಾಕಾ ತೊಟ್ಟಿಗೆ ಇನ್ನೊಂದು ಜೀವ ತಂದು ಬಿಟ್ಟ. ನೋಡಲು ಹೂವು, ಎಸಳೆಲ್ಲ ಬೆರಳುಗಳಂತೆ ಅಲ್ಲಾಡುತ್ತಿದ್ದವು. ಕೆಲವೇ ದಿನಗಳಲ್ಲಿ ಕಿತ್ತಳೆ ಮೀನಿನ ಮೈಮೇಲೆ ಕಪ್ಪು ಮಚ್ಚೆಗಳೆದ್ದವು.

"ಧೂಳು ನೀರಾಗ ಇಳದೈತಿ. ಮೊದ್ಲು ಕಿಟಕಿ ಹಾಕ್ರಿ," ಎಂದಳು ಅಜ್ಜಿ.

ನಮ್ಮೂರಲ್ಲಿ ಕೆಮ್ಮು ಬಂದರೂ ಧೂಳು, ಹಾಲು ಒಡೆದರೂ ಧೂಳು. ಯಾರಿಗೂ ಅನುಮಾನ ಬರಲಿಲ್ಲ. ಕಿಟಕಿ ಮುಚ್ಚಿ, ತೊಟ್ಟಿಯ ಲೈಟು ಆರಿಸಿ, ಅಜ್ಜಿಯ ಹಳೆ ಸೀರೆ ಹೊದಿಸಿದರು. ವಾರ ಕಳೆದು ಸೀರೆ ಸರಿಸಿದರೆ ಮಚ್ಚೆಗಳು ಇದ್ದಲ್ಲೇ ಇದ್ದವು, ಕಿತ್ತಳೆ ಬಣ್ಣವೂ ಬಿಳಿಚಿಕೊಂಡಿತ್ತು.

"ಇದು ಉಳಿಯಂಗಿಲ್ಲ. ಬಾಕಿ ಮೀನಿಗೂ ರೋಗ ಹತ್ತತೈತಿ. ನಾಳೆ ಕಾಲುವಿಗೆ ಬಿಡ್ತೀನಿ," ಎಂದ ಕಾಕಾ.

ಸಿಹಿನೀರಿಗೆ ಬಿದ್ದರೆ ಅದು ಸಾಯುತ್ತದೆಂದು ಚಿಗವ್ವನಿಗೆ ಗೊತ್ತಿತ್ತು. ಅವಳು ಸೀರೆ ಪೂರ್ತಿ ತೆಗೆದು, ಲೈಟು ಹಾಕಿ, ಊಟಕ್ಕೂ ಏಳದೆ ನೋಡುತ್ತ ಕೂತಳು. ಮೀನು ಮತ್ತೆ ಮತ್ತೆ ಹೋಗಿ ಆ ಹೂವಿಗೆ ಮೈ ಉಜ್ಜುತ್ತಿತ್ತು, ಬೆಚ್ಚಿ ಹಿಂದೆ ಸರಿಯುತ್ತಿತ್ತು, ಮತ್ತೆ ಹೋಗುತ್ತಿತ್ತು. ಚಿಗವ್ವ ಬಳೆ ಮೇಲೇರಿಸಿ ನೀರಿಗೆ ಕೈಯಿಳಿಸಿದಳು. ಮರುಕ್ಷಣವೇ "ಅವ್ವಾ!" ಎಂದು ಕೈ ಹೊರಗೆಳೆದಳು.

ಸಂಜೆ ಕಾಕಾ ಬಂದಾಗ ಅವಳು ದನಿಯೆತ್ತಿ ಮಾತಾಡಿದ್ದನ್ನು ಮೊದಲ ಸಲ ಕೇಳಿದೆ.

"ಧೂಳಲ್ರೀ. ಆ ಹೂವು ಚುಚ್ತೈತಿ. ನನ್ನ ಬೆರಳು ನೋಡ್ರಿ, ಹೆಂಗ ಕೆಂಪಾಗೈತಿ. ಮೀನಿಗೆ ಎಲ್ಲಿ ತಾಗೈತೋ ಅಲ್ಲೇ ಮಚ್ಚಿ. ರೋಗ ಅಲ್ರೀ ಅದು, ಹೊಂದ್ಕೊಳ್ಳಾಕ ಹತ್ತೈತಿ. ಬಿಡಬ್ಯಾಡ್ರಿ. ಒಂದೀಟು ತಡೀರಿ."

ಕಾಕಾ ಬೆರಳು ನೋಡಿದ, ಅವಳ ಮುಖ ನೋಡಿದ. "ಇಷ್ಟ್ ಮಾತಾಡ್ತಿಯೇನ್ ನೀನು!" ಎಂದು ನಕ್ಕು ತಾನೇ ಎದ್ದು ಕಿಟಕಿ ತೆರೆದ. ಅಜ್ಜಿ ಗೊಣಗುತ್ತಲೇ ಅವಳ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿದಳು.

ರಜೆ ಮುಗಿಯುವ ಹೊತ್ತಿಗೆ ಮೀನು ಆ ಹೂವಿನೊಳಗೇ ಮಲಗುತ್ತಿತ್ತು. ಮಚ್ಚೆಗಳು ಒಂದೊಂದಾಗಿ ಕರಗಿದವು. ಬೆಳಕು ಬಿದ್ದು, ಅಜ್ಜಿ ಮೂಗು ಮುಚ್ಚಿಕೊಂಡು ಒಪ್ಪಿದ ಸೀಗಡಿ ಪುಡಿ ಹೊಟ್ಟೆಗೆ ಹೋಗಿ, ಕಿತ್ತಳೆ ಬಣ್ಣವೂ ತಿರುಗಿ ಬಂತು. ಆ ಹೂವು ಸೀ ಅನಿಮೊನಿ ಎಂಬ ಕಡಲ ಪ್ರಾಣಿ, ಅದರ ಚುಚ್ಚುವಿಕೆಗೆ ಒಗ್ಗಿಕೊಳ್ಳುವಾಗ ಇಂಥ ಮೀನಿಗೆ ಮಚ್ಚೆ ಏಳುವುದುಂಟು, ಚಿಗವ್ವ ಹೇಳಿದ್ದು ಸರಿಯೆಂದು ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದೆ.

ಅದಕ್ಕೂ ಎಷ್ಟೋ ಮೊದಲೇ ಗಣಿ ನಿಂತಿತು, ಲಾರಿಗಳು ಹೋದವು. ತೊಟ್ಟಿ ಸಾಕುವುದು ಕೈಲಾಗದೆ ಕಾಕಾ ಅದನ್ನು ಬಳ್ಳಾರಿಯ ಪರಿಚಯದವರಿಗೆ ಕೊಟ್ಟ. "ಮಚ್ಚಿ ಬಂದ್ರ ಅಂಜಬ್ಯಾಡ್ರಿ," ಎಂದು ಚಿಗವ್ವ ಅವರ ಹಿಂದೆ ಗೇಟಿನವರೆಗೂ ಹೋದಳು. ಅವರು ಮೊಬೈಲಿನಲ್ಲಿ ಮಾತಾಡುತ್ತಲೇ ತಲೆಯಾಡಿಸಿದರು.

ಈಗ ನಾನೂ ಊರೂರು ತಿರುಗಿ, ಹೊಸ ಜಾಗಗಳಲ್ಲಿ ಬಣ್ಣಗೆಟ್ಟಿದ್ದೇನೆ. ಯಾರಾದರೂ ನನ್ನ ಮುಂದೆ ಅಷ್ಟು ಹೊತ್ತು ಕೂತು, ನನ್ನ ಪರವಾಗಿ "ತಡೀರಿ" ಎನ್ನಬಾರದೇ ಎಂದು ಆಸೆಪಟ್ಟಿದ್ದೇನೆ. ಕಂಪ್ಲಿ ಬಿಟ್ಟು ಬಂದ ಆ ಬೇಸಿಗೆಯಲ್ಲಿ ಚಿಗವ್ವನ ಮುಂದೆಯೂ ಹಾಗೆ ಯಾರೂ ಕೂತಿರಲಿಲ್ಲ. ಪಕ್ಕದಲ್ಲಿ ನಾನಿದ್ದೆ, ನಿಜ. ನಾನು ಮೀನು ನೋಡುತ್ತಿದ್ದೆ.