ಅಳಿಯಂದಿರು ತಗ್ಗಿಸಿದ ಸುಬಾರು

ನನ್ನ ಮಂಡಿ ಕೆಟ್ಟಿರಲಿಲ್ಲ. ಕಾರನ್ನು ತಗ್ಗಿಸಿದ್ದರು. ನಡೆದದ್ದು ಇಷ್ಟೇ. ಆದರೆ ಇಷ್ಟು ಸಣ್ಣ ಸಂಗತಿ ನಮ್ಮ ಮನೆಯಲ್ಲಿ ವಾರಗಟ್ಟಲೆ ಯಾರಿಗೂ ಹೊಳೆಯದೆ, ಇಲ್ಲಿ ಲಂಡನ್ನಿನ ಕ್ರೋಯ್ಡನ್ನಿನಿಂದ ಅಲ್ಲಿ ತಿಪಟೂರಿನವರೆಗೆ ನೆಂಟರೆಲ್ಲ ಫೋನಿನಲ್ಲಿ ನನ್ನ ಮಂಡಿಗಾಗಿ ಲೊಚಗುಟ್ಟಿ, ಯಾರು ಯಾರೋ ಯಾವ ಯಾವುದೋ ಎಣ್ಣೆಯ ಹೆಸರು ಹೇಳಿದರು.

ನಮ್ಮ ಮನೆಯ ಕಾರು ಹಳೆಯ ಸುಬಾರು. ಹಿಂದುಗಡೆ ಪಡಸಾಲೆಯಂತೆ ಉದ್ದಕ್ಕೆ ಚಾಚಿಕೊಂಡಿರುವ, ಈ ಊರಿನವರು ಎಸ್ಟೇಟ್ ಎಂದು ಕರೆಯುವ ಜಾತಿಯದು. ಅದರ ಕಿಟಕಿಗಾಜಿಗೆ ಚೌಕಟ್ಟಿಲ್ಲ, ಬಾಗಿಲು ತೆಗೆದರೆ ಗಾಜು ಒಂಟಿಯಾಗಿ ಗಾಳಿಯಲ್ಲಿ ನಿಂತಿರುತ್ತದೆ. ಚಾಲೂ ಮಾಡಿದರೆ ಬೇರೆ ಕಾರುಗಳಂತೆ ಸುಯ್ಯೆನ್ನದೆ, ರಾಗಿಕಲ್ಲಿನ ಹಾಗೆ ಒಳಗೊಳಗೇ ಗುಡುಗುಡು ಅನ್ನುತ್ತದೆ. ನನ್ನ ಅಳಿಯಂದಿರು ಮೋಹನ್, ವಾರವೆಲ್ಲ ಕಂಪ್ಯೂಟರಿನ ಮುಂದೆ ಕೂತು ಸಪ್ಪಗಾಗಿರುವ ಮನುಷ್ಯ, ಶನಿವಾರ ಬೆಳಗಾಯಿತೆಂದರೆ ಚಾಪೆ ಹಾಸಿಕೊಂಡು ಅದರ ಅಡಿಗೆ ಸೇರಿಬಿಡುತ್ತಾರೆ. ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟದಿರಲೆಂದು ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಅವರು ತುಕ್ಕು ಕೆರೆಯುತ್ತಾರೆ, ಬಣ್ಣ ಬಳಿಯುತ್ತಾರೆ, ಆಯಿಲು ಬದಲಾಯಿಸುತ್ತಾರೆ, ಮಧ್ಯಾಹ್ನ ಊಟಕ್ಕೆ ಕರೆದರೆ ಎರಡು ಕಾಲು ಮಾತ್ರ "ಬಂದೆ" ಅನ್ನುತ್ತವೆ. ಹೊಸದು ತೆಗೆದುಕೊಳ್ಳಿ ಎಂದು ಮೊದಮೊದಲು ನಾನೂ ಹೇಳಿದ್ದೆ. ಆಮೇಲೆ ಸುಮ್ಮನಾದೆ. ಕುಡಿಯುವ ಅಳಿಯ, ಇಸ್ಪೀಟಾಡುವ ಅಳಿಯ ಲೋಕದಲ್ಲಿ ಬೇಕಾದಷ್ಟಿದ್ದಾರೆ. ಇವರು ಮನೆಯ ಮುಂದೆಯೇ, ಕಣ್ಣಿಗೆ ಕಾಣುವ ಹಾಗೆ, ಬೆನ್ನ ಮೇಲೆ ಮಲಗಿರುತ್ತಾರೆ.

ಬೇಸಿಗೆ ಬಂದರೆ ಆ ಕಾರಿನಲ್ಲಿ ನಾವು ಊರು ಬಿಡುತ್ತೇವೆ. ಒಂದು ವರ್ಷ ಸ್ಕಾಟ್ಲೆಂಡು, ಒಂದು ವರ್ಷ ಕಾರ್ನ್‌ವಾಲ್, ಹೀಗೆ. ನನಗೆ ಊರಿನ ಹೆಸರುಗಳು ನಿಲ್ಲುವುದಿಲ್ಲ, ಊಟ ಮಾಡಿದ ಜಾಗಗಳು ನಿಲ್ಲುತ್ತವೆ. ಹಿಂದಿನ ಬಾಗಿಲನ್ನು ಮೇಲಕ್ಕೆತ್ತಿದರೆ ಅದೇ ಚಪ್ಪರ. ಅದರ ಕೆಳಗೆ ಕೂತು, ಸುತ್ತ ಮಳೆ ಸುರಿಯುತ್ತಿರುವಾಗ, ನಮ್ಮನ್ನು ನೋಡುತ್ತ ನಿಂತ ಕುರಿಗಳ ಎದುರಿಗೆ ಪುಳಿಯೋಗರೆ ತಿಂದ ಸುಖವನ್ನು ಯಾವ ಹೋಟೆಲಿನವನೂ ಕೊಟ್ಟಿಲ್ಲ. ಮುಂದಿನ ಸೀಟು ನನ್ನದು. ದಾರಿ ಅಳಿಯಂದಿರಿಗೆ ಗೊತ್ತು, ಅದನ್ನು ತಪ್ಪಿಸುವುದು ಫೋನಿಗೆ ಗೊತ್ತು, ಇಬ್ಬರನ್ನೂ ಬೈಯುವುದು ನನಗೆ ಗೊತ್ತು.

ಆ ಸೀಟಿನ ಗುಣವೆಂದರೆ ಅದು ಸರಿಯಾಗಿ ನನ್ನ ಸೊಂಟದ ಮಟ್ಟಕ್ಕಿತ್ತು. ಬೆನ್ನು ತಿರುಗಿಸಿ ಕೂತು ಕಾಲನ್ನು ಒಳಗೆ ಎಳೆದುಕೊಂಡರೆ ಹತ್ತಿದಂತೆ, ಕಾಲನ್ನು ಹೊರಗಿಟ್ಟು ನಿಂತರೆ ಇಳಿದಂತೆ. ಈ ಸಲ ಬೇಸಿಗೆ ಮೊದಲಾಗುವ ಹೊತ್ತಿಗೆ ಇದ್ದಕ್ಕಿದ್ದಂತೆ ಆ ಹತ್ತಿ ಇಳಿಯುವ ಸುಖ ನಿಂತುಹೋಯಿತು. ಕೂರಲು ಹೋದರೆ ಬಾವಿಗೆ ಬಿದ್ದ ಹಾಗೆ. ಏಳಲು ಹೋದರೆ ಮಗಳು ಶೈಲ ಕೈ ಹಿಡಿದು ಎಳೆಯಬೇಕು, ಮೊಮ್ಮಗಳು ಅದಿತಿ ಬೆನ್ನಿಗೆ ಕೈ ಕೊಟ್ಟು ತಳ್ಳಬೇಕು. ಒಮ್ಮೆ ಕನ್ನಡದವರ ಯುಗಾದಿ ಕೂಟದ ಹೊರಗೆ, ರೇಷ್ಮೆ ಸೀರೆಯುಟ್ಟವರೆಲ್ಲ ನಿಂತು ನೋಡುತ್ತಿರುವಾಗ, ನನ್ನನ್ನು ಮೂಟೆ ಇಳಿಸಿದ ಹಾಗೆ ಇಳಿಸಿದರು. ಶೈಲ ಜಿಪಿ, ಅಂದರೆ ಇಲ್ಲಿನ ಮನೆಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು. ಒಂದು ಬೆತ್ತ ತಂದಳು. ಆಮೇಲೆ ಬಹಳ ಮೆತ್ತಗಿನ ದನಿಯಲ್ಲಿ ಹೇಳಿದಳು:

"ಅಮ್ಮಾ, ಈ ಸಲ ವೇಲ್ಸಿಗೆ ನಾವು ಮೂರೇ ಜನ ಹೋಗಿ ಬರ್ತೀವಿ. ನೀನು ಕೊಲಿಂಡೇಲಲ್ಲಿ ವೀಣಾ ಮನೇಲಿರು. ಹೊಸ ಫ್ಲ್ಯಾಟು, ಲಿಫ್ಟಿದೆ. ಅವರಮ್ಮನೂ ಇದಾರೆ, ಕೂತ್ಕೊಂಡು ಸೀರಿಯಲ್ ನೋಡಬಹುದು."

ವೀಣಾ ಅವಳ ಗೆಳತಿ, ಕೊಲಿಂಡೇಲು ಊರಿನ ಇನ್ನೊಂದು ತುದಿ. ಸೀರಿಯಲ್ ನೋಡುವುದಕ್ಕೆ ನಾನು ಲಂಡನ್ನಿಗೆ ಬರಬೇಕಿತ್ತೇ? ಆದರೆ ಏಳಲಾಗದವಳು ಯಾವ ಬಾಯಲ್ಲಿ ವಾದ ಮಾಡುವುದು. ಒಂದು ಸಲ ಬಿಟ್ಟುಹೋದರೆ ಮುಂದಿನ ಸಲ ಕೇಳುವುದೇ ಇಲ್ಲವೆಂದು ನನಗೆ ಗೊತ್ತಿತ್ತು. ಮನೆಯವರು ಕೆಟ್ಟವರೆಂದಲ್ಲ, ಒಮ್ಮೆ ತೆರವಾದ ಜಾಗ ತುಂಬಿಕೊಳ್ಳುತ್ತದೆ. ಮುಂದಿನ ಸೀಟಿನಲ್ಲಿ ಯಾರೋ ಕೂರುತ್ತಾರೆ, ಅದು ಅವರದಾಗುತ್ತದೆ.

ಅದಾದ ಮೇಲೆ ಒಂದು ದಿನ ಬಸ್ಸಿನಲ್ಲಿ ತರಕಾರಿಗೆ ಹೋದೆ. ಈ ಊರಿನ ಬಸ್ಸಿನ ಒಂದು ನಡತೆ ನನಗೆ ಬಹಳ ಮೆಚ್ಚು: ನಿಂತ ಮೇಲೆ ಉಸ್ಸೆಂದು ಉಸಿರು ಬಿಟ್ಟು ಬಾಗಿಲ ಕಡೆಗೆ ಬಗ್ಗುತ್ತದೆ. ಅಷ್ಟು ದೊಡ್ಡ ಜೀವ, ಒಬ್ಬ ಮುದುಕಿಗಾಗಿ, ಅದೇ ತನ್ನ ಕೆಲಸವೆಂದುಕೊಂಡು ಬಗ್ಗುತ್ತದೆ. ಹತ್ತಿದೆ, ಕೂತೆ, ನನ್ನ ನಿಲ್ದಾಣ ಬಂದಾಗ ಎರಡು ಕೈಯಲ್ಲೂ ಚೀಲ ಹಿಡಿದು ಎದ್ದು ಇಳಿದೆ. ರಸ್ತೆಯಲ್ಲಿ ನಿಂತ ಮೇಲೆ ಯೋಚನೆ ಬಂತು. ಯಾರೂ ಎಳೆಯದೆ, ಯಾರೂ ತಳ್ಳದೆ ಈಗ ಎದ್ದವರು ಯಾರು?

ಮನೆಯ ಗೇಟಿನ ಬಳಿ ಬಂದು ಚೀಲ ಕೆಳಗಿಟ್ಟೆ. ನಮ್ಮ ಕಾರಿನ ನೆತ್ತಿಯ ಮೇಲಿಂದ ಎದುರುಮನೆಯವರ ಕಸದ ಡಬ್ಬಿ ಕಾಣಿಸುತ್ತಿತ್ತು. ಇಷ್ಟು ವರ್ಷ ಅಲ್ಲೇ ನಿಂತಿದ್ದೇನೆ, ಆ ಡಬ್ಬಿಯನ್ನು ಕಂಡಿರಲಿಲ್ಲ. ಈ ವಯಸ್ಸಿನಲ್ಲಿ ನಾನು ಬೆಳೆದಿರಲು ಸಾಧ್ಯವಿಲ್ಲ.

ಸಂಜೆ ಎಲ್ಲರೂ ಕಾಫಿಗೆ ಕೂತಾಗ ಹೇಳಿದೆ. "ಅಳಿಯಂದ್ರೇ, ಕಾರು ಕುಳ್ಳಗಾಗಿದೆ."

ಅವರು ಲೋಟ ಕೆಳಗಿಟ್ಟರು. "ಅದು... ಹಳೇ ಸ್ಪ್ರಿಂಗು ತುಕ್ಕು ಹಿಡಿದು ಮುರಿದಿತ್ತು ಅತ್ತೆ. ಹೊಸದು ಹಾಕೋವಾಗ ಸ್ವಲ್ಪ ಗಿಡ್ಡದ್ದು ಹಾಕಿದೆ. ನೆಲಕ್ಕೆ ಅಂಟಿಕೊಂಡಂಗಿದ್ರೆ ಚೆನ್ನಾಗಿ ಕಾಣುತ್ತೆ ಅಂತ."

"ಎಷ್ಟು ಗಿಡ್ಡ?"

"ಎರಡು ಬೆರಳು ಅಷ್ಟೇ."

"ಆ ಎರಡು ಬೆರಳಿನ ಮೇಲೆ ನಾನು ಏಳ್ತಿದ್ದೆ."

ಶೈಲ ಗಂಡನ ಕಡೆ ತಿರುಗಿದಳು. "ಜಿಪಿ ಅಂತೀನಿ, ಎಕ್ಸ್‌ರೇ ಅಂತೀನಿ, ಬೆತ್ತ ತರ್ತೀನಿ, ನೀನು ನೋಡ್ಕೊಂಡು ಸುಮ್ನಿದ್ಯಾ?"

"ನಂಗೂ ಒಂದ್ಸಲ ಅನುಮಾನ ಬಂತು ಕಣೆ," ಎಂದರು ಪಾಪ, ಸುಳ್ಳು ಹೇಳಲು ಬಾರದ ಮನುಷ್ಯ. "ಆದ್ರೆ ಎಷ್ಟು ಚೆನ್ನಾಗಿ ಕಾಣ್ತಿತ್ತು ನೋಡು."

ಅದಿತಿ ಫೋನಿನಿಂದ ತಲೆಯೆತ್ತದೆ, "ಅಜ್ಜೀ, ಬೂಸ್ಟರ್ ಸೀಟ್?" ಎಂದಳು. ಈ ದೇಶದಲ್ಲಿ ಕಾರಿನ ಸೀಟು ಎತ್ತರವಾಗಲೆಂದು ಮಕ್ಕಳನ್ನು ಅದರ ಮೇಲೆ ಕೂರಿಸುತ್ತಾರೆ. ಬಾಯಿ ಮುಚ್ಚು ಎಂದೆ. ಅವಳು ಉತ್ತರ ಕೊಡುವುದು ಇಂಗ್ಲಿಷಿನಲ್ಲಾದರೂ ಕನ್ನಡ ಚೆನ್ನಾಗಿ ತಿಳಿಯುತ್ತದೆ.

ಕಾರನ್ನು ಮತ್ತೆ ಎತ್ತರಿಸಿಕೊಡುತ್ತೇನೆ ಎಂದರು ಅಳಿಯಂದಿರು. ಶೈಲ ಅಷ್ಟಕ್ಕೇ ನಂಬುವವಳಲ್ಲ, ಒಂದು ಪರೀಕ್ಷೆ ಇಟ್ಟಳು. ಭಾನುವಾರ ಹೊರಡುವುದು, ಅದರ ಹಿಂದಿನ ಸಂಜೆ ನಾನು ಯಾರ ಕೈಯನ್ನೂ ಹಿಡಿಯದೆ ಹತ್ತಿ, ಯಾರ ಕೈಯನ್ನೂ ಹಿಡಿಯದೆ ಇಳಿಯಬೇಕು. ಇಳಿದರೆ ವೇಲ್ಸು, ಇಲ್ಲದಿದ್ದರೆ ಕೊಲಿಂಡೇಲು. ಒಪ್ಪಿದೆ.

ಇದೇ ಕಾರಿಗೆ ಎತ್ತರದ ಅಣ್ಣನೊಬ್ಬನಿದ್ದಾನಂತೆ, ಹಳ್ಳದಿಣ್ಣೆಯ ದಾರಿಗೆಂದು ಮಾಡಿದ್ದು. ಗುಜರಿಯಲ್ಲಿ ಹುಡುಕಿ ಅವನ ಸ್ಪ್ರಿಂಗುಗಳನ್ನು ಅಳಿಯಂದಿರು ತಂದರು. ಶನಿವಾರ ಬೆಳಿಗ್ಗೆ ಕಾರನ್ನು ಜಾಕಿನ ಮೇಲೆ ಎತ್ತಿ, ಚಕ್ರ ಬಿಚ್ಚಿ ಶುರು ಮಾಡಿದರು. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅವರೆಕಾಳು ಬಿಡಿಸುತ್ತ ಕೂತೆ. ಮೂರು ಮೂಲೆ ಸಲೀಸಾಗಿ ಆಯಿತು. ನಾಲ್ಕನೆಯದರಲ್ಲಿ ಒಂದು ಬೋಲ್ಟು ಜಪ್ಪಯ್ಯ ಅನ್ನಲಿಲ್ಲ. ಎಣ್ಣೆ ಬಿಟ್ಟರು, ಕಾಯಿಸಿದರು, ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಜೋತುಬಿದ್ದರು. ಊಟದ ಹೊತ್ತು ಮೀರಿತು, ಅವರ ಮುಖ ಕೆಂಪಾಯಿತು.

"ಬಿಡಿ ಅಳಿಯಂದ್ರೇ. ಕೊಲಿಂಡೇಲಿಗೆ ಹೋಗ್ತೀನಿ."

"ಸುಮ್ನಿರಿ ಅತ್ತೆ. ಇದೀಗ ನಿಮ್ಮ ವಿಷಯ ಅಲ್ಲ. ನಂದೂ ಈ ಬೋಲ್ಟಿಂದೂ."

ಅವರೆಕಾಳು ಮುಗಿಯಿತು. ಹಾಗೇ ಕೂತು ನೋಡುತ್ತಿದ್ದಾಗ ಒಂದು ಮಾತು ತೋರಿತು. ಪ್ರೀತಿ ಇದ್ದಕಡೆ ಕೈ ಸುಮ್ಮನಿರುವುದಿಲ್ಲ. ಈ ಮನುಷ್ಯನಿಗೆ ಕಾರೆಂದರೆ ಪ್ರಾಣ, ಅದಕ್ಕೇ ಸರಿಯಾಗಿದ್ದುದನ್ನು ತಗ್ಗಿಸಿದರು. ನನ್ನ ಮಗಳಿಗೆ ನಾನೆಂದರೆ ಪ್ರಾಣ, ಅದಕ್ಕೇ ನಡೆಯುತ್ತಿದ್ದವಳ ಕೈಗೆ ಬೆತ್ತ ಕೊಟ್ಟಳು. ಪ್ರೀತಿಯಿಂದ ಕೆಡಿಸಿದ್ದನ್ನು ರಿಪೇರಿ ಮಾಡುವುದು ಕಷ್ಟ, ಏಕೆಂದರೆ ಕೆಟ್ಟಿದೆಯೆಂದು ಹೇಳಲು ಯಾರಿಗೂ ಮನಸ್ಸು ಬರುವುದಿಲ್ಲ. ಬಾಯಿ ಜೋರಿರುವವಳೊಬ್ಬಳು ಮನೆಯಲ್ಲಿರಬೇಕು. ಹಾಗೆಂದು ಹಳೆಯ ಕಾರನ್ನೂ ನನ್ನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಅದಕ್ಕೆ ಗುಜರಿಯಲ್ಲಿ ಬಿಡಿಭಾಗ ಸಿಗುತ್ತದೆ. ಮುಪ್ಪೆನ್ನುವುದು ವರ್ಷಗಳಲ್ಲಿಲ್ಲ, ಎತ್ತರಗಳಲ್ಲಿದೆ. ಕುರ್ಚಿ, ಮೆಟ್ಟಿಲು, ಮಂಚ, ಇವು ಮೈಗೆ ಸರಿಯಾಗಿದ್ದರೆ ನಾನು ಗಟ್ಟಿಗಿತ್ತಿ, ಎರಡು ಬೆರಳು ಹೆಚ್ಚುಕಡಿಮೆಯಾದರೆ ರೋಗಿಷ್ಠೆ.

ಸಂಜೆಗೆ ಬೋಲ್ಟು ಕಿರ್ರೆಂದು ಕೂಗಿ ಸೋತಿತು. ಅಳಿಯಂದಿರು ಹಾಕಿದ ಕೇಕೆಗೆ ಪಕ್ಕದ ಮನೆಯ ನಾಯಿ ಬೊಗಳಿತು. ಜಾಕು ಇಳಿಸಿದರೆ ಕಾರು ಹೊಳೆ ದಾಟುವವಳು ಸೀರೆ ಎತ್ತಿ ಕಟ್ಟಿದ ಹಾಗೆ ನಿಂತಿತ್ತು. ಅವರು ಒಂದು ಗಳಿಗೆ ದುಃಖದಿಂದ ನೋಡಿದರು. ತಲೆ ವಾರೆ ಮಾಡಿ ಇನ್ನೊಮ್ಮೆ ನೋಡಿದರು. "ಇದೂ ಚೆನ್ನಾಗಿದೆ ಅಲ್ವಾ ಅತ್ತೆ? ಇನ್ನು ಸ್ವಲ್ಪ ದಪ್ಪ ಟೈರು ಹಾಕಿದ್ರೆ..."

"ಮೊದಲು ಸರೀರಿ ಆಚೆ," ಎಂದೆ.

ಶೈಲ ಕೈಕಟ್ಟಿ ನಿಂತಿದ್ದಳು. ಬೆನ್ನು ತಿರುಗಿಸಿ ಕೂತೆ. ಸೀಟು ಹಳೆಯ ಜಾಗಕ್ಕಿಂತ ಒಂದು ಕೂದಲು ಮೇಲೆಯೇ ಸಿಕ್ಕಿತು. ಕಾಲನ್ನು ಒಳಗೆಳೆದುಕೊಂಡೆ. ಉಸಿರು ಬಿಟ್ಟೆ. ಕಾಲನ್ನು ಹೊರಗಿಟ್ಟು, ಅಂಗೈಯನ್ನು ನನ್ನ ತೊಡೆಯ ಮೇಲಷ್ಟೇ ಊರಿ, ಎದ್ದೆ.

"ನೋವಿಲ್ವೇನಮ್ಮಾ?" ಎಂದಳು ಶೈಲ.

"ನೋವಿದೆ. ನೋಯೋದು ಬೇರೆ, ಏಳೋದು ಬೇರೆ. ಪುಳಿಯೋಗರೆಗೆ ಅಕ್ಕಿ ತೊಳಿ ನಡಿ."

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಸೀಟಿನಲ್ಲಿ ಕೂತೆ. ಸಾಮಾನು ತುಂಬಿ, ಅವರೆಲ್ಲ ಹತ್ತಿ, ಅಳಿಯಂದಿರು ಚಾಲೂ ಮಾಡಿದ ಮೇಲೆ, ಉಪ್ಪಿನಕಾಯಿ ಮರೆತೆ ಎಂದು ಇಳಿದು ಒಳಗೆ ಹೋಗಿ ತಂದೆ. ಕೂತು ಬೆಲ್ಟು ಹಾಕಿಕೊಂಡೆ. ಬೆಲ್ಟು ಬಿಚ್ಚಿ ಮತ್ತೆ ಇಳಿದೆ.

"ಈಗೇನು ಮರೆತೆ?" ಎಂದಳು ಶೈಲ.

ಏನೂ ಮರೆತಿರಲಿಲ್ಲ. ರಸ್ತೆಯಲ್ಲಿ ಒಂದು ನಿಮಿಷ ನಿಂತು, ತಿರುಗಿ ಹತ್ತಿ ಕೂತು, ಬಾಗಿಲು ನಾನೇ ಎಳೆದುಕೊಂಡು, "ನಡೀರಿ ಅಳಿಯಂದ್ರೇ" ಎಂದೆ.