ಕುರ್ಚಿಯ ತುದಿ

ಮಣಿಪಾಲದಲ್ಲಿ ನಮ್ಮಂಥ ಎಚ್‌ಆರ್ ವಿದ್ಯಾರ್ಥಿಗಳಿಗೆ ಕಾರ್ಮಿಕ ಕಾನೂನು ಕಲಿಸುತ್ತಿದ್ದ ಮೇಡಂ, ಕನ್ನಡಕವನ್ನು ಸೆರಗಿನಲ್ಲಿ ಒರೆಸುತ್ತಾ, ಕಾರ್ಮಿಕರಿಗೆ ಕೊಡುವ ಯಾವ ನೋಟಿಸಿನ ಮಾತು ಬಂದರೂ ಕೇಳುತ್ತಿದ್ದರು: “ಅದು ಅವರಿಗೆ ಅರ್ಥ ಆಯ್ತಾ?”

ಒಮ್ಮೆ ತರಗತಿಯಲ್ಲೇ ಅಣಕು ವಿಚಾರಣೆ ನಡೆಸಿದೆವು. ಹೇಳದೆ ರಜೆ ಹಾಕಿದ ಗೇರುಬೀಜ ಕಾರ್ಖಾನೆಯ ಹೆಂಗಸಿನ ಪಾತ್ರ ಮೇಡಂ ಅವರದು, ಅಧಿಕಾರಿ ನಾನು. ಆರೋಪಗಳನ್ನು ಇಂಗ್ಲಿಷಿನಲ್ಲಿ ಗತ್ತಿನಿಂದ ಓದಿದೆ. ಅವರು ಕುರ್ಚಿಯ ತುದಿಯಲ್ಲಿ ಕುಳಿತು ಪ್ರತಿಯೊಂದಕ್ಕೂ ತಲೆಯಾಡಿಸಿದರು. ತಪ್ಪೊಪ್ಪಿಕೊಂಡರೆಂದು ತಿಳಿದು, “ನಿಮ್ಮನ್ನು ಕೆಲಸದಿಂದ ತೆಗೆದಿದ್ದೇವೆ” ಎಂದು ಕನ್ನಡದಲ್ಲಿ ಹೇಳಿದೆ.

ಮೇಡಂ ಗಾಬರಿಯಿಂದ ಎದ್ದು ನಿಂತರು. “ಯಾಕೆ ಸರ್? ಇಷ್ಟು ಹೊತ್ತು ನೀವು ಎಂತ ಓದಿದ್ದು?”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಅಮ್ಮ ಬಜಗೋಳಿಯಲ್ಲಿ ಗೇರುಬೀಜ ಸುಲಿಯುತ್ತಾರೆ. ನನ್ನ ಅಡ್ಮಿಷನ್ನಿನ ದಿನ ಕಾಲೇಜಿನ ಆಫೀಸಿನಲ್ಲಿ ಅವರೂ ಹೀಗೆಯೇ ಕುರ್ಚಿಯ ತುದಿಯಲ್ಲಿ ಕುಳಿತು, ಇಂಗ್ಲಿಷಿನಲ್ಲಿ ಹೇಳಿದ ಎಲ್ಲದಕ್ಕೂ ತಲೆಯಾಡಿಸಿದ್ದರು.